ಕಾಲಂ ಏಳು

ಧಾರವಾಡದ ತರಬೇತಿಯಲ್ಲಿ ಪರದೆಯ ಮೇಲೊಂದು ದೇಶ ತೋರಿಸಿದರು.
ಗದಗ ಹಾವೇರಿ ಕೂಡಿಸಿದರೆ ಎಷ್ಟೋ ಅಷ್ಟೇ ಮಂದಿ.
ಅಲ್ಲಿ ಆರನೇ ಇಯತ್ತೆಯಿಂದಲೇ ಪ್ರತಿ ಮಗುವಿಗೂ
ಏನಾಗಬೇಕೆಂದು ಕೇಳುವವರೊಬ್ಬರು ಇರುತ್ತಾರಂತೆ,
ಊರಿಗೊಂದು ಕಚೇರಿ, ಕಚೇರಿಗೊಂದು ಗಾಜಿನ ಬಾಗಿಲು,
ಶಾಲೆ ಬದಲಾದರೆ ಮಗುವಿನ ಹಿಂದೆಯೇ ನಡೆದು ಹೋಗುವ ಕಡತ.
ಕಾರ್ಖಾನೆಯವರು, ಮಾಸ್ತರರು, ಸರಕಾರದವರು
ವರ್ಷಕ್ಕೆ ನಾಲ್ಕು ಸಲ ಒಂದೇ ಮೇಜಿಗೆ ಕೂಡುತ್ತಾರಂತೆ.
ಐವತ್ತರ ಗಂಡಸು ಕೂಡ ಹೋಗಿ
'ನನಗೀ ಕೆಲಸ ಸಾಕಾಯಿತು' ಅನ್ನಬಹುದಂತೆ.
ಯಾರೂ ಬೈಯುವುದಿಲ್ಲವಂತೆ.

ಪಕ್ಕದಲ್ಲಿ ತೂಕಡಿಸುತ್ತಿದ್ದ ಹಾವೇರಿಯ ಗುಮಾಸ್ತರು
ಕಣ್ಣು ಬಿಟ್ಟು ಕೇಳಿದರು:
'ಅಲ್ಲಿ ಚಹಾ ಯಾರ ತರ್ತಾರ?'

ಗದಗಿನಲ್ಲಿ ಏಳು ತಾಲೂಕಿಗೆ ನಾನೊಬ್ಬಳು.
ಕಪಾಟು ಒಂದು, ಅದರ ಕೀಲಿ ಕಳೆದು ಮೂರು ವರ್ಷ.
ಗೋಡೆಗೆ 'ಹತ್ತನೇ ನಂತರ ಮುಂದೇನು?' ಎಂಬ ಪಟ,
ಅದರ ತುಂಬ ಬಾಣಗಳು,
ಎಲ್ಲ ಬಾಣವೂ ಕೊನೆಗೆ ಟೈ ಕಟ್ಟಿದ ಒಬ್ಬನ ಕಡೆಗೇ ಹೋಗುತ್ತವೆ.
ಅವನ ಮುಖದ ಮೇಲೆ ಹೊತ್ತು ಮುಳುಗಿದರೆ ಹಲ್ಲಿ.

ಮಂಗಳವಾರ ಬೆಟಗೇರಿಯ ಶಾಲೆ. ಐವತ್ತೆರಡು ನಮೂನೆ ಹಂಚಿದೆ.
ಕಾಲಂ ಏಳು: ಇಷ್ಟದ ಕೆಲಸ.
ಪೊಲೀಸ. ಪೊಲೀಸ. ನರ್ಸ. ಪೊಲೀಸ.
ಒಬ್ಬ 'ಅಪ್ಪ ಹೇಳಿದ್ದು' ಎಂದಷ್ಟೇ ಬರೆದಿದ್ದ.
ಪ್ರೆಸ್ಸಿನಲ್ಲಿ ಸಂಜೆ ದುಡಿಯುವ ಕಳಕಪ್ಪನ ಹಾಳೆಗೆ
ಅಕ್ಷರಕ್ಕಿಂತ ಹೆಚ್ಚು ಮಸಿಯ ಹೆಬ್ಬೆಟ್ಟು.
ನೇಕಾರ ಓಣಿಯ ಹುಡುಗನೊಬ್ಬ ಏನೂ ಬರೆಯದೆ
ಹಾಳೆ ಹೊರಳಿಸಿ ಸೀರೆಯ ದಡಿ ಬಿಡಿಸಿದ್ದ,
ಎಳೆ ಎಣಿಸಿ, ಒಂದೂ ತಪ್ಪದೆ.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ ನಾನು?

ಮುಬೀನಾ ಢಾಲಾಯತ ಬರೆದಿದ್ದಳು: ಫ್ಯಾನ್ ಏರೂದು.
'ಯಾವ ಫ್ಯಾನವಾ?' ಅಂದೆ.
ಕಿಟಕಿಯಾಚೆ ಗುಡ್ಡದ ಕಡೆ ಬೊಟ್ಟು ಮಾಡಿದಳು,
ಬಿಳೀ ರೆಕ್ಕೆಗಳು ತಿರುಗುತ್ತಲೇ ಇದ್ದವು, ನಮ್ಮನ್ನು ಕೇಳದೆ.
'ಅದರ ಒಳಗ ನಿಚ್ಚಣಿಕಿ ಐತಂತ್ರಿ.
ನಮ್ಮ ಮಾವ ಬುಡದಾಗ ಕಾವಲಿ ಕಾಯ್ತಾನ, ಒಂಬತ್ತು ವರ್ಸಾತು.
ಒಮ್ಮೆನೂ ಮ್ಯಾಲ ಹೋಗಿಲ್ಲ.'
ವರ್ಗವೆಲ್ಲ ನಕ್ಕಿತು. ನಾನೂ, ಸುಳ್ಳೇಕೆ, ಅರ್ಧ ನಕ್ಕೆ.
ಅವಳು ನಗಲಿಲ್ಲ:
'ನೀವು ಏಳನೇ ಕಾಲಮ್ಮಿನ್ಯಾಗ ಏನ ಬರದಿದ್ರಿ ಮೇಡಮ್?'

ಅಪ್ಪ ಇದೇ ಕಚೇರಿಯ ಜವಾನ.
ತೀರಿಕೊಂಡ ಹದಿನೇಳನೆಯ ದಿನಕ್ಕೆ ಅರ್ಜಿ ತುಂಬಿದೆ.
ಅನುಕಂಪದ ನೇಮಕ ಅನ್ನುತ್ತಾರೆ ಅದಕ್ಕೆ.
ಅದರಲ್ಲೂ ಕಾಲಮ್ಮುಗಳಿದ್ದವು: ಮೃತರ ಹೆಸರು, ಅರ್ಜಿದಾರರ ಸಂಬಂಧ.
ಏಳನೆಯದು
ಮರಣ ಪ್ರಮಾಣಪತ್ರದ ಸಂಖ್ಯೆ.

ಗಂಟೆ ಹೊಡೆಯಿತು. ಗಂಟೆಗೆ ನಾನು ಋಣಿ.

ಕಚೇರಿಗೆ ಬಂದು ಗಾಳಿ ಕಂಪನಿಗೆ ಫೋನು ಹಚ್ಚಿದೆ.
ಮೂರು ಸಲ ಬರೀ ಸಂಗೀತ. ನಾಲ್ಕನೇ ಸಲ ಒಬ್ಬ:
'ಐಟಿಐ ಆಗಿರಬೇಕ್ರಿ. ಎತ್ತರದ ಅಂಜಿಕಿ ಇರಬಾರ್ದು.
ಹುಡುಗ್ಯಾರು? ಇಲ್ಲೀತನಾ ಯಾರೂ ಕೇಳಿಲ್ಲ.'
'ಈಗ ಕೇಳ್ಯಾರ. ಬರಕೋರಿ.'
'ವಯಸ್ಸು?'
'ಹದಿನೈದು.'
ಅವ ನಕ್ಕ. 'ಇನ್ನೂ ಮೂರು ವರ್ಸ ಐತಲ್ರಿ ಅಕ್ಕಾರ.'
'ಐತಿ' ಅಂದೆ. ಅವನು ಬರೆದುಕೊಂಡನೋ ಇಲ್ಲವೋ,
ಪೆನ್ನಿನ ಸಪ್ಪಳ ಫೋನಿನಲ್ಲಿ ಕೇಳುವುದಿಲ್ಲ.

ಹಳೇ ರಟ್ಟೊಂದನ್ನು ಮಡಚಿ ಕಡತ ಮಾಡಿದೆ,
ಹೆಸರು ಬರೆದೆ, ದಾರ ಕಟ್ಟಿದೆ.
ಸೀರೆದಡಿಯ ಹಾಳೆಯನ್ನೂ ಅದರಲ್ಲೇ ಇಟ್ಟೆ, ಸದ್ಯಕ್ಕೆ.
ಕಪಾಟಿಗೆ ಕೀಲಿಯಿಲ್ಲವಲ್ಲ,
ಬುತ್ತಿ ಡಬ್ಬಿಯ ಪಕ್ಕ ಚೀಲದಲ್ಲಿ ಹಾಕಿಕೊಂಡು
ಬಸ್ ನಿಲ್ದಾಣದ ಕಡೆ ನಡೆದೆ.